ಬದರಿನಾಥ ಗೆಟ್ ಪೋರ್ಷನ್ ಮುಗಿಸಿದ್ದು

ಒಂದಾನೊಂದು ಕಾಲದಲ್ಲಿ, ಅಂದರೆ ಈಚಿನ ಒಂದು ಯುಗಾದಿಯ ಹೊತ್ತಿಗೆ, ಅಮೆರಿಕದಲ್ಲಿ ಎರಡು ಹೆದ್ದಾರಿಗಳು ಕೂಡುವ ಸೆಂಟರ್‌ವಿಲ್ ಎಂಬ ಊರಿನಲ್ಲಿ ಒಬ್ಬ ರಾಕ್ಷಸನಿದ್ದ. ಅವನಿಗೆ ಕೋರೆಹಲ್ಲಿರಲಿಲ್ಲ, ಗುಹೆಯಿರಲಿಲ್ಲ, ಮೂರೇ ಇಂಗ್ಲಿಷ್ ಅಕ್ಷರದ ಮೈ. ಹೆಸರು ಗೆಟ್. ಊರಿನವರೆಲ್ಲ ದಿನಕ್ಕೆ ಇನ್ನೂರು ಸಲ ಅವನ ಹೆಸರು ಹೇಳುತ್ತಿದ್ದರೂ ಯಾರಿಗೂ ಏನೂ ಆಗುತ್ತಿರಲಿಲ್ಲ. ಅವನು ಹಿಡಿದು ಕಾಡುತ್ತಿದ್ದದ್ದು ಒಬ್ಬರನ್ನು ಮಾತ್ರ: ಚೀನಾದ ಚೆಂಗ್ಡುವಿನಿಂದ ಮಗನ ಮನೆಗೆ ಬಂದಿದ್ದ ಅರವತ್ತಮೂರು ವರ್ಷದ ಶೆನ್ ಆಂಟಿಯನ್ನು.

ಶೆನ್ ಆಂಟಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ ಎಂದುಕೊಳ್ಳಬಾರದು. ಅವರು ಚೆಂಗ್ಡುವಿನಲ್ಲಿ ಇಪ್ಪತ್ತೆರಡು ವರ್ಷ ಸಿಟಿ ಬಸ್ ಓಡಿಸಿ ನಿವೃತ್ತರಾದವರು. ಸೈಕಲ್ಲು, ಸ್ಕೂಟರು, ತರಕಾರಿ ಗಾಡಿ, ರಸ್ತೆ ಮಧ್ಯೆ ನಿಂತು ಜಗಳವಾಡುವ ಗಂಡಹೆಂಡಿರು, ಇವೆಲ್ಲದರ ನಡುವೆ ನಲವತ್ತಡಿ ಬಸ್ಸನ್ನು ಸೂಜಿಗೆ ದಾರ ಪೋಣಿಸಿದ ಹಾಗೆ ತೂರಿಸಿ ತೆಗೆದವರು. ಆದರೆ ವರ್ಜೀನಿಯಾದ ಡ್ರೈವಿಂಗ್ ಟೆಸ್ಟಿನಲ್ಲಿ ಪಕ್ಕದಲ್ಲಿ ಕೂತವರು ಎರಡು ಮಾತಿಗೊಮ್ಮೆ ಗೆಟ್ ಎನ್ನುತ್ತಿದ್ದರು. ಹೊರಡುವುದಕ್ಕೂ ಅದೇ, ಪಕ್ಕದ ಲೇನಿಗೆ ಸರಿಯುವುದಕ್ಕೂ ಅದೇ, ಹೈವೇ ಬಿಟ್ಟು ಇಳಿಯುವುದಕ್ಕೂ ಅದೇ. ಪಡೆಯುವುದಕ್ಕೊಂದು, ತಲುಪುವುದಕ್ಕೊಂದು, ಆಗುವುದಕ್ಕೊಂದು ಬೇರೆ ಬೇರೆ ಚೀನೀ ಅಕ್ಷರವಿಟ್ಟುಕೊಂಡು ಬಾಳಿದ ಹೆಂಗಸಿಗೆ, ಒಂದೇ ಶಬ್ದ ಇಷ್ಟು ಮನೆಯ ಚಾಕರಿ ಮಾಡುತ್ತದೆ ಎಂದರೆ ಅನುಮಾನ ಬರದೆ ಇರುತ್ತದೆಯೇ? ಅನುಮಾನ ಬಂದಾಗ ನಲವತ್ತು ಪ್ರಯಾಣಿಕರನ್ನು ಹೊತ್ತ ಡ್ರೈವರು ಏನು ಮಾಡಬೇಕೋ ಆಂಟಿ ಅದನ್ನೇ ಮಾಡಿದರು. ಇಂಡಿಕೇಟರ್ ಹಾಕಿ, ಅಂಚಿಗೆ ಸರಿದು, ಅಂದವಾಗಿ ನಿಲ್ಲಿಸಿದರು. ಎರಡು ಸಲ ಟೆಸ್ಟಿಗೆ ಹೋದರು, ಎರಡು ಸಲವೂ ನಿಲ್ಲಿಸಿದರು, ಎರಡು ಸಲವೂ ಫೇಲಾದರು.

ಮೂರನೆಯ ಸಲವೂ ಫೇಲಾದರೆ ಡ್ರೈವಿಂಗ್ ಸ್ಕೂಲಿಗೆ ಸೇರಿ, ಪಾಠ ಮುಗಿಸಿ, ಆಮೇಲೆ ಮತ್ತೆ ಟೆಸ್ಟಿಗೆ ಬರಬೇಕೆಂಬುದು ಆ ರಾಜ್ಯದ ಕಾನೂನು. ಅಷ್ಟು ಪುರಸೊತ್ತು ಆಂಟಿಗೆ ಇರಲಿಲ್ಲ. ಮಗ ವೇಯ್‌ಗೆ ಮೇ ಒಂದರಿಂದ ದಿನವೂ ಆಫೀಸಿಗೆ ಬರಬೇಕೆಂದು ಆರ್ಡರ್ ಆಗಿತ್ತು. ಸೊಸೆ ಆಸ್ಪತ್ರೆಯ ಕೆಲಸದವಳು. ನಾಲ್ಕು ವರ್ಷದ ಮೊಮ್ಮಗಳನ್ನು ಮೂರು ಗಂಟೆಗೆ ಸ್ಕೂಲಿನಿಂದ ಕರೆತರಲು ಕಾರು ಓಡಿಸುವವರು ಬೇಕು. ಲೈಸೆನ್ಸ್ ಬಂದರೆ ಅಜ್ಜಿ ಇಲ್ಲಿರಬಹುದು. ಬಾರದಿದ್ದರೆ ಮಗು ಇಡೀ ದಿನ ಡೇಕೇರಿಗೆ, ಅಜ್ಜಿ ಚೆಂಗ್ಡುವಿಗೆ. ವೇಯ್ ಇದನ್ನು ಬಹಳ ಮೆತ್ತಗೆ ಹೇಳಿದ್ದ. ಆದರೆ ಹೇಳಿದ್ದ.

ರಾಕ್ಷಸ ಇದ್ದ ಮೇಲೆ ಅವನನ್ನು ಕೊಲ್ಲಲು ಹೊರಟವನೊಬ್ಬ ಇರಬೇಕಲ್ಲ. ಅವನೇ ಪಕ್ಕದ ಮನೆಯ ಬದರಿನಾಥ. ವಯಸ್ಸು ನಲವತ್ತೇಳು, ಸ್ಟರ್ಲಿಂಗಿನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಇಂಗ್ಲಿಷ್ ಭಾಷೆಯ ಮೇಲೆ ತನಗೊಂದು ಹಕ್ಕಿದೆ ಎಂದು ಅವನು ನಂಬಿದ್ದ. ಆ ಹಕ್ಕು ಮದುವೆಯಿಂದ ಬಂದದ್ದು. ಹೆಂಡತಿ ಅಲಮೇಲುವಿನ ತಂದೆ ಸೂರ್ಯನಾರಾಯಣರು ಮೈಸೂರಿನ ಹೈಸ್ಕೂಲೊಂದರಲ್ಲಿ ಮೂವತ್ತೈದು ವರ್ಷ ಇಂಗ್ಲಿಷ್ ಮೇಷ್ಟ್ರಾಗಿದ್ದರು.

ಯುಗಾದಿಯ ಊಟಕ್ಕೆ ಬದರಿನಾಥ ಅಕ್ಕಪಕ್ಕದವರನ್ನೆಲ್ಲ ಕರೆದಿದ್ದ. ವೇಯ್ ಹೋಳಿಗೆ ತಿನ್ನುತ್ತಾ ತಾಯಿಯ ಕಷ್ಟ ತೋಡಿಕೊಂಡ. ಬೇರೆಯವರಾಗಿದ್ದರೆ ಅಯ್ಯೋ ಪಾಪ ಎಂದು ಇನ್ನೊಂದು ಸೌಟು ತುಪ್ಪ ಹಾಕಿ ಸುಮ್ಮನಾಗುತ್ತಿದ್ದರು. ಬದರಿನಾಥ ಗಂಟಲು ಸರಿಮಾಡಿಕೊಂಡು, ವೇಯ್‌ಗೆ ಇಂಗ್ಲಿಷಿನಲ್ಲಿ ಹೇಳಿ, ಮಿಕ್ಕವರಿಗೂ ತಿಳಿಯಲೆಂದು ಕನ್ನಡದಲ್ಲಿ ಮತ್ತೊಮ್ಮೆ ಹೇಳಿದ.

“ಹದಿನೈದು ದಿನ ಸಾಕು. ಗೆಟ್ ಪೋರ್ಷನ್ ಪೂರ್ತಿ ನಾನು ಮುಗಿಸಿಕೊಡ್ತೀನಿ.”

ವೇಯ್ ಅಲ್ಲೇ ಫೋನ್ ತೆಗೆದು ಹದಿನೈದನೆಯ ದಿನಕ್ಕೆ ಟೆಸ್ಟ್ ಬುಕ್ ಮಾಡಿದ. ಶೆನ್ ಆಂಟಿ ಎದ್ದು ನಿಂತು, ಎರಡೂ ಕೈ ಜೋಡಿಸಿ ತಲೆ ಬಗ್ಗಿಸಿ, “ಟೀಚರ್” ಎಂದರು. ಆ ಒಂದು ಶಬ್ದಕ್ಕೆ ಬದರಿನಾಥನ ಎದೆ ಎಷ್ಟು ಉಬ್ಬಿತೆಂದರೆ ರೇಷ್ಮೆ ಜುಬ್ಬದ ಒಂದು ಗುಂಡಿ ಪಾಯಸದ ಪಾತ್ರೆಗೆ ಬಿತ್ತು.

ಎಲ್ಲರೂ ಹೋದಮೇಲೆ ಅಲಮೇಲು ಪಾತ್ರೆಯಿಂದ ಗುಂಡಿ ಎತ್ತುತ್ತಾ ಕೇಳಿದಳು. “ರೀ, ಹನ್ನೊಂದು ವರ್ಷದಿಂದ ನೀವು ಟ್ವೆಂಟಿಯೇಟ್ ಹೈವೇ ಮೇಲೆ ಒಂದು ಲೇನ್ ಚೇಂಜ್ ಮಾಡಿಲ್ಲ. ಆಫೀಸಿಗೆ ಅನ್ವರ್ ಭಾಯ್ ಕಾರಲ್ಲಿ ಹೋಗ್ತೀರ. ನೀವು ಅವರಿಗೆ ಡ್ರೈವಿಂಗ್ ಹೇಳಿಕೊಡ್ತೀರಾ?”

“ಡ್ರೈವಿಂಗ್ ಅವರಿಗೆ ಬರುತ್ತೆ ಕಣೇ. ನಾನು ಹೇಳಿಕೊಡೋದು ಇಂಗ್ಲಿಷ್.”

ಮೈಸೂರಿನ ಶಾಲೆಗಳಲ್ಲಿ ಓದಿದವರಿಗೆ ಪೋರ್ಷನ್ ಮುಗಿಸುವುದೆಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ನೋಟ್ಸ್ ಬರೆಸಬೇಕು, ಬಾಯಿಪಾಠ ಮಾಡಿಸಬೇಕು, ಇಂಪಾರ್ಟೆಂಟ್ ಪ್ರಶ್ನೆಗಳಿಗೆ ಗುರುತು ಹಾಕಬೇಕು. ಹುಡುಗರಿಗೆ ಅರ್ಥವಾಯಿತೇ ಎಂಬುದು ಮುಂದಿನ ತರಗತಿಯ ಮೇಷ್ಟ್ರ ತಲೆನೋವು. ಬದರಿನಾಥ ಇದಕ್ಕೆ ತನ್ನ ಕಂಪನಿಯ ವಿದ್ಯೆಯನ್ನೂ ಬೆರೆಸಿದ. ಗರಾಜಿನಿಂದ ಮಂಜು ಬಾಚುವ ಸಲಿಕೆ, ಹಳೆಯ ಟ್ರೆಡ್‌ಮಿಲ್ ಎಲ್ಲ ಒಂದು ಪಕ್ಕಕ್ಕೆ ಸರಿಸಿ ವೈಟ್‌ಬೋರ್ಡ್ ನಿಲ್ಲಿಸಿದ. ಗೆಟ್ ಶಬ್ದದ ಒಂದೊಂದು ಅರ್ಥಕ್ಕೂ ಒಂದೊಂದು ನಂಬರು ಕೊಟ್ಟು ಎಕ್ಸೆಲ್ ಶೀಟ್ ಮಾಡಿದ. ಮೊದಲ ದಿನವೇ ತೊಂಬತ್ತನಾಲ್ಕು ಸಾಲಾಯಿತು.

ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ, ಬಿಟ್ಟುಹೋದ ಅರ್ಥಗಳಿದ್ದರೆ ತಿಳಿಸಿ ಎಂದು ವಿನಂತಿ ಹಾಕಿದ್ದೇ ತಪ್ಪಾಯಿತು. ನಾರ್‌ಕ್ರಾಸಿನಲ್ಲಿರುವ ಅವನ ತಂಗಿ ನಾಲ್ಕು ಕಳಿಸಿದಳು. ಷಾರ್ಲಟ್‌ನಿಂದ ಯಾರೋ ಒಬ್ಬರು ಹನ್ನೊಂದು ಕಳಿಸಿ, ತಮ್ಮ ಹೆಸರನ್ನು ಶೀಟಿನಲ್ಲಿ ನಮೂದಿಸಬೇಕೆಂದು ಕೇಳಿದರು. ನಲವತ್ತನೆಯ ಅರ್ಥವೂ ಎಪ್ಪತ್ತೊಂದನೆಯ ಅರ್ಥವೂ ಒಂದೇ ಎಂದು ಒಬ್ಬರು, ಹಾಗೆನ್ನುವವರು ಯಾವ ಮೀಡಿಯಮ್ಮಿನಲ್ಲಿ ಓದಿದ್ದೆಂದು ಇನ್ನೊಬ್ಬರು. ಕೊನೆಗೆ ಅಡ್ಮಿನ್ ಆದವರು ಎರಡು ದಿನ ಗುಂಪಿಗೇ ಬೀಗ ಹಾಕಿದರು. ಬೀಗ ಬೀಳುವ ಹೊತ್ತಿಗೆ ಸಾಲುಗಳು ನೂರಮೂವತ್ತೊಂದಾಗಿದ್ದವು.

ಶೀಟನ್ನು ಬದರಿನಾಥ ಹೆಮ್ಮೆಯಿಂದ ಮಾವನವರಿಗೆ ವಿಡಿಯೋ ಕಾಲಿನಲ್ಲಿ ತೋರಿಸಿದ. ಸೂರ್ಯನಾರಾಯಣರು ಕನ್ನಡಕ ಒರೆಸಿ, ಹಾಕಿಕೊಂಡು, ಮತ್ತೆ ತೆಗೆದರು.

“ಅಳಿಯಂದಿರೇ, ನಮ್ಮ ಸ್ಕೂಲಲ್ಲಿ ಗೆಟ್ ಅಂತ ಬರೆದ ಹುಡುಗನಿಗೆ ನಾನು ಅರ್ಧ ಮಾರ್ಕ್ ಕಟ್ ಮಾಡ್ತಿದ್ದೆ. ಅದು ಸೋಮಾರಿಗಳ ಕ್ರಿಯಾಪದ. ಮರ್ಯಾದಸ್ಥರು ಆಬ್ಟೇನ್ ಅಂತಾರೆ, ರಿಸೀವ್ ಅಂತಾರೆ, ಅರೈವ್ ಅಂತಾರೆ. ಮೊದಲು ಅದನ್ನ ಕಲಿಸಿ. ಗೆಟ್ ತಾನಾಗೇ ನಾಚಿಕೊಂಡು ಹೋಗುತ್ತೆ.”

ಹೀಗೆ ಶೀಟಿಗೆ ಹೊಸದೊಂದು ಕಾಲಂ ಬಂತು: ಮರ್ಯಾದಸ್ಥ ಪರ್ಯಾಯ. ಗೆಟ್ ಎಂದು ಕಿವಿಗೆ ಬಿದ್ದರೆ ಆಂಟಿ ಅದರ ಸಾಲು ಹುಡುಕಬೇಕು, ಪಕ್ಕದ ಮರ್ಯಾದಸ್ಥ ಶಬ್ದ ನೋಡಬೇಕು, ಅದರ ಪಕ್ಕದಲ್ಲಿ ತಾವೇ ಬರೆದುಕೊಂಡ ಚೀನೀ ಅಕ್ಷರ ನೋಡಬೇಕು, ಆಮೇಲೆ ಕೆಲಸ ಮಾಡಬೇಕು. ಇದರಲ್ಲಿ ತಪ್ಪೇನೂ ಬದರಿನಾಥನಿಗೆ ಕಾಣಲಿಲ್ಲ. ಅವನ ಆಫೀಸಿನಲ್ಲಿ ಒಂದು ಬಟನ್ನಿನ ಬಣ್ಣ ಬದಲಾಯಿಸಲೂ ಇಷ್ಟೇ ಮೆಟ್ಟಿಲು ಹತ್ತಬೇಕಿತ್ತು.

ಅಮೆರಿಕದಲ್ಲೇ ಹುಟ್ಟಿ ಬೆಳೆದ ಹದಿಮೂರರ ಮಗಳು ಯಾಮಿನಿ, ಸೈಕಲ್ ತೆಗೆದುಕೊಳ್ಳಲು ಗರಾಜಿಗೆ ಬಂದವಳು ಬೋರ್ಡ್ ನೋಡಿ ನಿಂತಳು. “ಅಪ್ಪಾ, ನೋಬಡಿ ಸೇಸ್ ಆಬ್ಟೇನ್. ಟೆಸ್ಟ್ ಲೇಡಿ ಹಾಗೆ ಮಾತಾಡಲ್ಲ.”

“ಅವರು ಮಾತಾಡದೆ ಇದ್ರೆ ಅದು ಅವರ ಪ್ರಾಬ್ಲಮ್ ಪುಟ್ಟಾ,” ಎಂದ ಬದರಿನಾಥ.

ಶೆನ್ ಆಂಟಿಯಂಥ ವಿದ್ಯಾರ್ಥಿನಿ ಯಾವ ಮೇಷ್ಟ್ರಿಗೂ ಸಿಗಬಾರದು. ಬೆಳಗ್ಗೆ ಎಂಟಕ್ಕೆ ಸರಿಯಾಗಿ ಥರ್ಮಾಸಿನಲ್ಲಿ ಬಿಸಿನೀರು ಹಿಡಿದು ಬಂದು ಮಡಿಸುವ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ಹೇಳಿದ್ದನ್ನೆಲ್ಲ ಬರೆದರು. ಬರೆದದ್ದನ್ನೆಲ್ಲ ದಪ್ಪ ಫೈಲಿಗೆ ಸೇರಿಸಿ, ಹತ್ತು ಸಾಲಿಗೊಂದು ಬಣ್ಣದ ಚೀಟಿ ಅಂಟಿಸಿದರು. ಹತ್ತನೆಯ ದಿನಕ್ಕೆ ಬದರಿನಾಥ ನಂಬರು ಹೇಳಿದರೆ ಸಾಕು, ಆಂಟಿ ಅರ್ಥ ಒಪ್ಪಿಸುತ್ತಿದ್ದರು. ಅರವತ್ತೆರಡು ಎಂದರೆ ಚೇತರಿಸಿಕೊಳ್ಳುವುದು. ನೂರಾ ಏಳು ಎಂದರೆ ಜಗಳವಿಲ್ಲದೆ ಹೊಂದಿಕೊಂಡಿರುವುದು. ಪ್ರಪಂಚದಲ್ಲಿ ಯಾವ ಪರೀಕ್ಷಕರೂ ನಂಬರು ಹೇಳಿ ಪರೀಕ್ಷೆ ಮಾಡುವುದಿಲ್ಲವೆಂಬುದು ಗುರುವಿಗೂ ಹೊಳೆಯಲಿಲ್ಲ, ಶಿಷ್ಯೆಗೂ ಹೊಳೆಯಲಿಲ್ಲ.

ಭಾನುವಾರ ಚರ್ಚಿನ ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಒಂದು ಪ್ರಿಪರೇಟರಿ ಪರೀಕ್ಷೆ ಇಡಲಾಯಿತು. ಪರೀಕ್ಷಕ ಅನ್ವರ್ ಪಾಷಾ. ಈತ ಎದುರು ಮನೆಯವನು, ಬೆಂಗಳೂರಿನ ಶಿವಾಜಿನಗರದವನು, ಸ್ಟರ್ಲಿಂಗಿನ ಡೇಟಾ ಸೆಂಟರಿನಲ್ಲಿ ಇಂಜಿನಿಯರ್. ಅವನು ಆಂಟಿಯ ಪಕ್ಕದಲ್ಲಿ ಕೂತ, ಬದರಿನಾಥ ಹಿಂದಿನ ಸೀಟಿನಲ್ಲಿ.

“ಓಕೆ ಆಂಟಿ, ಲೆಟ್ಸ್ ಗೆಟ್ ಗೋಯಿಂಗ್,” ಎಂದ ಅನ್ವರ್ ಪಾಷಾ.

ಆಂಟಿ ಹೊರಡಲಿಲ್ಲ. ಫೈಲ್ ತೊಡೆಯ ಮೇಲಿಟ್ಟುಕೊಂಡು, ಹಸಿರು ಚೀಟಿ ಎತ್ತಿ, ಬೆರಳಿಟ್ಟು ಓದಿ, ತಲೆಯಾಡಿಸಿ, ಫೈಲ್ ಮುಚ್ಚಿ, ಕಾರು ಹೊರಡಿಸಿದರು. ಎರಡು ನಿಮಿಷವಾಗಿತ್ತು. ಐವತ್ತಡಿ ಹೋದಮೇಲೆ ಅನ್ವರ್ ಬಲಕ್ಕೆ ಸರಿಯಲು ಹೇಳಿದ. ಆಂಟಿ ಇಂಡಿಕೇಟರ್ ಹಾಕಿ, ನಿಲ್ಲಿಸಿ, ಹಳದಿ ಚೀಟಿ ತೆಗೆದರು. ಹೀಗೆ ಒಂದು ಪಾರ್ಕಿಂಗ್ ಲಾಟನ್ನು ದಾಟಲು ಇಪ್ಪತ್ತಾರು ನಿಮಿಷ ಹಿಡಿಯಿತು. ಅಷ್ಟು ಹೊತ್ತಿಗೆ ಯಾರೋ ಫೋನ್ ಮಾಡಿದ್ದರೆಂದು ಕಾಣುತ್ತದೆ, ಪೊಲೀಸರ ಕಾರೊಂದು ಬಂದು ಮೆಲ್ಲಗೆ ಪಕ್ಕದಲ್ಲಿ ನಿಂತಿತು.

ಪೊಲೀಸಿನವನು ಚಿಕ್ಕ ವಯಸ್ಸಿನವನು, ಸಂಭಾವಿತ. ಬಗ್ಗಿ, ದಾರಿ ತಪ್ಪಿದಿರಾ ಎಂದು ವಿಚಾರಿಸಿದ. ಆದರೆ ಅವನು ಅದನ್ನು ವಿಚಾರಿಸಿದ್ದು ಗೆಟ್ ಹಾಕಿ. ಆಂಟಿ ಒಂದು ಬೆರಳೆತ್ತಿ ಅವನಿಗೆ ಕಾಯಲು ಹೇಳಿ ಫೈಲ್ ತೆರೆದರು. ಅವನು ಕಾದ. ನೀಲಿ ಚೀಟಿಯಲ್ಲಿ ಸಿಗಲಿಲ್ಲ, ಕೆಂಪಿಗೆ ಹೋದರು. ಅವನೂ ಟೋಪಿ ಹಿಂದೆ ಸರಿಸಿ ಕೆಂಪು ಚೀಟಿಯ ಪುಟಕ್ಕೆ ಇಣುಕಿ ನೋಡತೊಡಗಿದ. ಇನ್ನು ಸುಮ್ಮನಿದ್ದರೆ ಮಾನ ಹೋಗುತ್ತದೆಂದು ಬದರಿನಾಥ ಹಿಂದಿನ ಕಿಟಕಿ ಇಳಿಸಿ, “ಆಫೀಸರ್, ವಿ ಆರ್ ಆಬ್ಟೇನಿಂಗ್ ಪ್ರಾಕ್ಟೀಸ್,” ಎಂದ.

ಪೊಲೀಸಿನವನು ಬದರಿನಾಥನನ್ನು ನೋಡಿದ. ಫೈಲನ್ನು ನೋಡಿದ. ಆಂಟಿಗೆ ಮಾತ್ರ ಆಲ್ ದ ಬೆಸ್ಟ್ ಹೇಳಿ ಹೋದ.

ಅನ್ವರ್ ಪಾಷಾ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ ಕಾರನ್ನು ಮನೆಗೆ ಹೊರಡಿಸಿದ. ಇಳಿಯುವಾಗ, “ಬದ್ರಿ, ಇನ್ನು ನಾಲ್ಕೇ ದಿನ ಇದೆ. ವೇಯ್‌ಗೆ ಇವತ್ತೇ ಹೇಳಿಬಿಡು, ಚೆಂಗ್ಡು ಟಿಕೆಟ್ ಆದ್ರೂ ಸ್ವಲ್ಪ ಮುಂಚೆ ನೋಡ್ಕೊಳ್ಳಲಿ,” ಎಂದ.

ವೇಯ್‌ಗೆ ಹೇಳುವ ಧೈರ್ಯ ಬದರಿನಾಥನಿಗೆ ಬರಲಿಲ್ಲ. ಬದಲಿಗೆ ಫೈಲಿಗೆ ಇಂಡೆಕ್ಸ್ ಹಾಕಿಕೊಟ್ಟ.

ಟೆಸ್ಟಿನ ಹಿಂದಿನ ದಿನ ಬುಧವಾರ. ಅಟ್ಲಾಂಟಾದಿಂದ ಡೈರೆಕ್ಟರ್ ಬರುವವರಿದ್ದರು. ಅವರು ಬಂದು ಹೋದ ಊರುಗಳಲ್ಲೆಲ್ಲ ಕುರ್ಚಿಗಳು ಖಾಲಿಯಾಗಿವೆ ಎಂಬ ಸುದ್ದಿ ಆಫೀಸಿನಲ್ಲಿ ಹಬ್ಬಿತ್ತು. ಒಂಬತ್ತಕ್ಕೆ ಸರಿಯಾಗಿ ಎಲ್ಲರೂ ಹಾಜರಿರಬೇಕು. ಎಂಟಕ್ಕೆ ಅನ್ವರ್ ಪಾಷಾನ ಹೆಂಡತಿ ಸಯೀದಾ ಫೋನ್ ಮಾಡಿ, ಇವರಿಗೆ ನೂರಮೂರು ಜ್ವರ, ಇವತ್ತು ಕಾರಿಲ್ಲ ಎಂದಳು. ಅಲಮೇಲು ಆಗಲೇ ಮನೆಯ ಕಾರು ತೆಗೆದುಕೊಂಡು ತನ್ನ ಫಾರ್ಮಸಿ ಕೆಲಸಕ್ಕೆ ಹೋಗಿದ್ದಳು. ಬಾಡಿಗೆ ಕಾರಿಗೆ ಫೋನಿನಲ್ಲಿ ನೋಡಿದರೆ ಮೂವತ್ತೈದು ನಿಮಿಷ ಕಾಯಿರಿ ಎಂದಿತು. ಬದರಿನಾಥ ಲ್ಯಾಪ್‌ಟಾಪ್ ಚೀಲ ತಬ್ಬಿಕೊಂಡು ಗರಾಜಿನ ಮುಂದೆ ನಿಂತಿದ್ದಾಗ, ಕೊನೆಯ ದಿನದ ರಿವಿಷನ್ನಿಗೆಂದು ಶೆನ್ ಆಂಟಿ ಫೈಲ್ ಹಿಡಿದು ಬಂದರು.

ಮಗನ ಎರಡನೆಯ ಕಾರು ಅವರ ಮನೆಯ ಮುಂದೆಯೇ ನಿಂತಿತ್ತು. ಲರ್ನರ್ಸ್ ಪರ್ಮಿಟ್ ಇದ್ದವರು ಲೈಸೆನ್ಸಿನವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಬಹುದು. ಬದರಿನಾಥನ ಲೈಸೆನ್ಸಿಗೆ ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಒಂದು ಉಪಯೋಗ ಕಂಡುಬಂತು.

ಫೈಲನ್ನು ಹಿಂದಿನ ಸೀಟಿಗೆ ಎಸೆದು ಹೊರಟರು. ಊರೊಳಗಿನ ರಸ್ತೆ ಮುಗಿದು ಟ್ವೆಂಟಿಯೇಟ್ ಶುರುವಾಗುತ್ತಿದ್ದಂತೆ ಬದರಿನಾಥನ ಅಂಗೈ ಬೆವರಿತು. ಎಡಗಡೆ ಒಂದು ಟ್ರಕ್, ಬಲಗಡೆ ಒಂದು ಟ್ರಕ್, ಹಿಂದೆ ಹಾರ್ನ್ ಹೊಡೆಯುವ ಒಬ್ಬ ಪುಣ್ಯಾತ್ಮ. ಸಾಲು ನಂಬರುಗಳೂ ಮರ್ಯಾದಸ್ಥ ಶಬ್ದಗಳೂ ಅವನ ತಲೆಯಿಂದ ಹಾರಿಹೋದವು. ಉಳಿದದ್ದು ಪ್ರಾಣಭಯವೊಂದೇ. ಪ್ರಾಣಭಯದಲ್ಲಿ ಮನುಷ್ಯ ಸುತ್ತಲಿನವರು ಆಡುವ ಮಾತನ್ನೇ ಆಡುತ್ತಾನೆ.

“ಗೆಟ್ ಓವರ್, ಆಂಟಿ. ಗೆಟ್ ಓವರ್,” ಎಂದು ಎಡಕ್ಕೆ ಕೈ ಬೀಸಿದ.

ಆಂಟಿ ಅಭ್ಯಾಸದಂತೆ ಇಂಡಿಕೇಟರ್ ಹಾಕಿ ನಿಲ್ಲಿಸಲು ಜಾಗ ಹುಡುಕಿದರು. ಅರವತ್ತು ಮೈಲಿ ವೇಗದಲ್ಲಿ ಮೂರು ಲೇನಿನ ನಡುವೆ ನಿಲ್ಲಿಸಲು ಜಾಗವಿರಲಿಲ್ಲ. ಕೈ ಹಿಂದಕ್ಕೆ ಚಾಚಿದರು, ಫೈಲ್ ಎಟುಕಲಿಲ್ಲ. ಟೀಚರನ್ನು ನೋಡಿದರು. ಟೀಚರು ಎಡಗಡೆ ಲೇನನ್ನು ನೋಡುತ್ತಾ ಬೇಡಿಕೊಳ್ಳುತ್ತಿದ್ದ. ಇಪ್ಪತ್ತೆರಡು ವರ್ಷದ ಬಸ್ ಡ್ರೈವರು ಕನ್ನಡಿ ನೋಡಿ, ಎರಡು ಕಾರಿನ ಸಂದಿಯಲ್ಲಿ ನವಿರಾಗಿ ಎಡಕ್ಕೆ ಸೇರಿಕೊಂಡರು.

ಮುಂದಿನ ಹನ್ನೆರಡು ಮೈಲಿ ಬದರಿನಾಥ ಬಾಯಿ ಮುಚ್ಚಲಿಲ್ಲ. ಆ ಟ್ರಕ್ಕಿನ ಹಿಂದೆ ಹೋಗಿ ಎಂದ, ಈಗ ಅದರ ಹಿಂದಿನಿಂದ ಈಚೆ ಬನ್ನಿ ಎಂದ, ಏರ್‌ಪೋರ್ಟ್ ಲೇನಿಗೆ ಹೋಗಬೇಡಿ ಎಂದ, ತನಗೆ ತಲೆ ಸುತ್ತುತ್ತಿದೆ ಎಂದ, ಅಯ್ಯೋ ಇಲ್ಲಿ ಇಳೀರಿ ಎಂದ. ಎಲ್ಲವನ್ನೂ ಗೆಟ್ ಹಾಕಿಯೇ ಎಂದ. ಬೆರಳು, ಕಣ್ಣು, ಕತ್ತು, ಬೆವರು, ಮೈಯೆಲ್ಲ ಅರ್ಥ ಹೇಳುತ್ತಿತ್ತು. ಆಂಟಿ ಒಂದನ್ನೂ ತಪ್ಪಿಸಲಿಲ್ಲ. ಕಿಟಕಿಯಿಲ್ಲದ ಡೇಟಾ ಸೆಂಟರುಗಳನ್ನು ದಾಟಿ ಎಂಟು ಐವತ್ತೆರಡಕ್ಕೆ ಆಫೀಸಿನ ಮುಂದೆ ತಂದು ನಿಲ್ಲಿಸಿ, “ಟೀಚರ್, ಟುಡೇ ಕ್ಲಾಸ್ ವೆರಿ ಗುಡ್,” ಎಂದರು.

ಯಾವ ಕ್ಲಾಸ್ ಎಂದು ಟೀಚರಿಗೆ ತಿಳಿಯಲಿಲ್ಲ. ಇಳಿದ ಮೇಲೆ ಇನ್ನೊಂದು ಕಷ್ಟ ಕಂಡಿತು. ಪಕ್ಕದಲ್ಲಿ ತಾನಿಲ್ಲದೆ ಆಂಟಿ ವಾಪಸ್ ಓಡಿಸುವಂತಿಲ್ಲ. ಬೇರೆ ದಾರಿಯಿಲ್ಲದೆ ಅವರಿಗೊಂದು ವಿಸಿಟರ್ ಬ್ಯಾಡ್ಜ್ ಹಾಕಿಸಿ ಲಾಬಿಯ ಸೋಫಾದಲ್ಲಿ ಕೂರಿಸಿ ಮೇಲೆ ಓಡಿದ.

ಒಂಬತ್ತಾಯಿತು, ಡೈರೆಕ್ಟರ್ ಬರಲಿಲ್ಲ. ಗಾಜಿನ ಗೋಡೆಯ ಮೀಟಿಂಗ್ ರೂಮಿನಿಂದ ಬದರಿನಾಥ ಕೆಳಗೆ ಬಗ್ಗಿ ನೋಡಿದ. ಲಾಬಿಯಲ್ಲಿ ಒಬ್ಬ ಎತ್ತರದ ಹೆಂಗಸು, ಅಟ್ಲಾಂಟಾದ ಡೈರೆಕ್ಟರೇ, ಎರಡೂ ಕೈಯಲ್ಲಿ ಕಾಗದದ ಲೋಟ ಹಿಡಿದು ಜೋಪಾನವಾಗಿ ನಡೆದು ಬಂದು ಶೆನ್ ಆಂಟಿಗೆ ಕೊಡುತ್ತಿದ್ದಳು. ಆಂಟಿ ಲೋಟ ಮುಟ್ಟಿ ನೋಡಿ ತಲೆಯಲ್ಲಾಡಿಸಿದರು. ಡೈರೆಕ್ಟರ್ ಲೋಟ ವಾಪಸ್ ತೆಗೆದುಕೊಂಡು ಮತ್ತೆ ಹೋದಳು.

ಆಮೇಲೆ ರಿಸೆಪ್ಷನಿಸ್ಟ್ ಹೇಳಿ ತಿಳಿದದ್ದಿಷ್ಟು. ಡೈರೆಕ್ಟರು ಹಿರಿಯ ಹೆಂಗಸೊಬ್ಬರು ಕೂತದ್ದು ಕಂಡು, ಏನಾದರೂ ತಂದುಕೊಡಲೇ ಎಂದು ಉಪಚಾರಕ್ಕೆ ಕೇಳಿದ್ದಳು. ಅದೂ ಗೆಟ್ ಹಾಕಿಯೇ. ಆಂಟಿ ಒಂದು ಕ್ಷಣವೂ ತಡೆಯದೆ, “ಗೆಟ್ ಮಿ ಹಾಟ್ ವಾಟರ್. ನಾಟ್ ವಾರ್ಮ್. ಹಾಟ್,” ಎಂದಿದ್ದರು. ಡೈರೆಕ್ಟರಿಗೆ ಈ ಧಾಟಿಯಲ್ಲಿ ಹೇಳಿದವರು ಕಂಪನಿಯಲ್ಲಿ ಯಾರೂ ಇರಲಿಲ್ಲ. ಇವರು ಬಹಳ ಮೇಲಿನವರೇ ಇರಬೇಕೆಂದುಕೊಂಡು ಎರಡು ಸಲ ನೀರು ಕಾಯಿಸಿ ತಂದಿದ್ದಳು. ಮೀಟಿಂಗ್ ಹನ್ನೊಂದು ನಿಮಿಷ ತಡವಾಗಿ ಶುರುವಾಯಿತು. ಡೈರೆಕ್ಟರ್ ಮಾತಿನ ನಡುನಡುವೆ ಲಾಬಿಯ ಕಡೆ ನೋಡುತ್ತಿದ್ದಳು, ಆ ದಿನ ಯಾವ ಕುರ್ಚಿಯೂ ಖಾಲಿಯಾಗಲಿಲ್ಲ.

ಗುರುವಾರ ಮಧ್ಯಾಹ್ನ ಟೆಸ್ಟ್. ಬದರಿನಾಥ ಅರ್ಧ ದಿನ ರಜೆ ಹಾಕಿ ಜೊತೆಗೆ ಹೋದ. ಕಾರು ಹತ್ತುವ ಮುಂಚೆ ಆಂಟಿ ಫೈಲನ್ನು ಅವನ ಕೈಗೆ ಕೊಟ್ಟು, ಹಿಡಿದುಕೊಂಡಿರಿ ಎಂಬಂತೆ ಅದರ ಬೆನ್ನು ತಟ್ಟಿದರು. ಪರೀಕ್ಷಕಿ ಪಕ್ಕದಲ್ಲಿ ಕೂತಳು. ಕಾರು ಗೇಟು ದಾಟಿ ಹೋಯಿತು.

ಬದರಿನಾಥ ಬೆಂಚಿನ ಮೇಲೆ ಕೂತು ರಸ್ತೆಯ ಅಂಚನ್ನೇ ನೋಡಿದ. ಯಾವ ತಿರುವಿನಲ್ಲಿ ಆ ಬಿಳಿ ಕಾರು ಇಂಡಿಕೇಟರ್ ಹಾಕಿ ಅಂದವಾಗಿ ನಿಂತಿರುತ್ತದೋ ಎಂದು ಕತ್ತು ಚಾಚಿ ಹುಡುಕಿದ. ವೇಯ್ ಎರಡು ಸಲ ಫೋನ್ ಮಾಡಿದ, ಎರಡು ಸಲವೂ ಬದರಿನಾಥ ಎತ್ತಲಿಲ್ಲ. ಚೆಂಗ್ಡು ಇಲ್ಲಿಂದ ಎಷ್ಟು ದೂರವಿರಬಹುದೆಂದು ಅವನು ಮೊದಲ ಸಲ ಯೋಚಿಸಿದ. ಒಬ್ಬ ಅಜ್ಜಿಯನ್ನು ಅಷ್ಟು ದೂರ ಕಳಿಸುವುದಕ್ಕೆ ತಾನು ನೂರಮೂವತ್ತೊಂದು ಸಾಲು ಬರೆದೆನಲ್ಲ ಅನ್ನಿಸಿ, ಫೈಲ್ ಭಾರವಾಗಿ ಕಂಡಿತು.

ಇಪ್ಪತ್ತು ನಿಮಿಷಕ್ಕೆ ಕಾರು ವಾಪಸ್ ಬಂತು. ಪರೀಕ್ಷಕಿ ಇಳಿದು, ಕಾಗದಕ್ಕೆ ಸಹಿ ಹಾಕಿ, ಇವರು ಹಿಂದೆ ಏನು ಕೆಲಸ ಮಾಡುತ್ತಿದ್ದರು ಎಂದು ಬದರಿನಾಥನನ್ನು ಕೇಳಿದಳು. ಬಸ್ ಡ್ರೈವರ್ ಎಂದ. ಅದಕ್ಕೇ ಮತ್ತೆ, ಪ್ರತಿ ಸ್ಟಾಪಿನಲ್ಲೂ ಹಿಂದೆ ತಿರುಗಿ ಎಲ್ಲರೂ ಹತ್ತಿದರೇ ಎಂದು ನೋಡುತ್ತಿದ್ದರು, ಎಂದು ನಕ್ಕು ಒಳಗೆ ಹೋದಳು.

ಕೌಂಟರಿನಲ್ಲಿ ಫೋಟೋ, ಸಹಿ, ಸದ್ಯಕ್ಕೊಂದು ಕಾಗದದ ಲೈಸೆನ್ಸ್. ಎಲ್ಲ ಮುಗಿದಾಗ ಎರಡೂ ಮುಕ್ಕಾಲು. ಮೊಮ್ಮಗಳ ಸ್ಕೂಲ್ ಮೂರಕ್ಕೆ ಬಿಡುತ್ತದೆ. ಆಂಟಿ ಕಾಗದವನ್ನು ನಾಲ್ಕಾಗಿ ಮಡಿಸಿ ಒಳಜೇಬಿಗೆ ಸೇರಿಸಿ ಸ್ಟಿಯರಿಂಗ್ ಹಿಡಿದರು. ಬದರಿನಾಥ ಅಭ್ಯಾಸಬಲದಿಂದ ಪಕ್ಕದ ಸೀಟಿನಲ್ಲಿ ಕೂತು, ಫೈಲ್ ತೊಡೆಯ ಮೇಲಿಟ್ಟು, ಬೆಲ್ಟ್ ಹಾಕಿಕೊಂಡ.

ಕಾರು ಹೊರಡಲಿಲ್ಲ.

ಆಂಟಿ ಅವನ ಕಡೆ ತಿರುಗಿದರು. ಆ ಸೀಟಿನಲ್ಲಿ ಇನ್ನು ಯಾರೂ ಕೂರಬೇಕಾಗಿಲ್ಲ ಎಂಬ ಸಂಗತಿ ಅವರಿಗೆ ಹೊಳೆದಿತ್ತು, ಟೀಚರಿಗೆ ಹೊಳೆದಿರಲಿಲ್ಲ. ಮೊಮ್ಮಗಳ ಸ್ಕೂಲಿನ ಮುಂದೆ ಒಬ್ಬರೇ ಹೋಗಿ ಇಳಿಯಬೇಕೆಂಬ ಆಸೆ ಅವರ ಮುಖದಲ್ಲಿ ಎಳೆ ಹುಡುಗಿಯ ಹಾಗೆ ಕೂತಿತ್ತು. ಎರಡೂ ಕೈ ಜೋಡಿಸಿ, ಮೊದಲ ದಿನಕ್ಕಿಂತಲೂ ಹೆಚ್ಚು ಭಕ್ತಿಯಿಂದ ತಲೆ ಬಗ್ಗಿಸಿದರು.

“ಟೀಚರ್,” ಎಂದರು, “ಗೆಟ್ ಔಟ್.”

ಮೈಸೂರಿನಲ್ಲಿ ಓದಿದ ಯಾವ ಮೇಷ್ಟ್ರೂ ತನ್ನ ವಿದ್ಯಾರ್ಥಿಯ ಬಾಯಿಂದ ಈ ಮಾತು ಕೇಳಿದ ದಾಖಲೆಯಿಲ್ಲ. ನೂರಮೂವತ್ತೊಂದು ಸಾಲುಗಳಲ್ಲೂ ಅದು ಇರಲಿಲ್ಲ. ಹಿರಿಯರಿಗೆ ಕಲಿಸುವ ಮಾತಲ್ಲವೆಂದು ಬದರಿನಾಥ ಕೈಬಿಟ್ಟಿದ್ದ. ಅವನು ಬೆಲ್ಟ್ ಬಿಚ್ಚಿ, ಫೈಲ್ ತಬ್ಬಿಕೊಂಡು, ಇಳಿದು, ಬಾಗಿಲು ಮುಚ್ಚಿದ. ಬಿಳಿ ಕಾರು ಎಡಕ್ಕೆ ಇಂಡಿಕೇಟರ್ ಹಾಕಿತು, ರಸ್ತೆಗೆ ಸೇರಿತು, ಎಲ್ಲೂ ನಿಲ್ಲಲಿಲ್ಲ.

ಹದಿನೈದನೆಯ ದಿನ, ಮೂರಕ್ಕೆ ಹನ್ನೆರಡು ನಿಮಿಷ ಇರುವಾಗ, ಮನೆಯಿಂದ ಐದು ಮೈಲಿ ದೂರದಲ್ಲಿ, ಗೆಟ್ ಪೋರ್ಷನ್ ಮುಗಿಯಿತು.